ಬರದೇ ಹೋದ ಎದುರಾಳಿಯ ಒಡೆಯರಿಗೆ

ಹೈ ಪ್ರೇರಿ ಕಾಲೇಜುಗಳ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷರಾದ ಮಾನ್ಯ ಹಾರ್ಲನ್ ವಿಟ್‌ಕಾಂಬ್ ಅವರ ಸನ್ನಿಧಾನಕ್ಕೆ, ನೆಬ್ರಾಸ್ಕಾದ ಕಾಟನ್‌ವುಡ್ ಫೋರ್ಕ್ ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಪಂದ್ಯಗಳ ಪಟ್ಟಿ ಹೊಂದಿಸುತ್ತಿರುವ ಡೊಲೋರೆಸ್ ಹ್ರುಸ್ಕಾಳ ನಮಸ್ಕಾರಗಳು.

ಮಾನ್ಯರೇ,

ಯಾವ ಒಕ್ಕೂಟಕ್ಕೂ ಸೇರದ ನಮ್ಮಂಥ ಬಡಪಾಯಿ ತಂಡವನ್ನು ತಾವು ಮರೆಯದೆ ವಿಚಾರಿಸಿಕೊಳ್ಳುತ್ತಿರುವುದಕ್ಕೆ ಕೃತಜ್ಞತೆಗಳು. ಮೂರು ಸಲ ಸದಸ್ಯತ್ವ ಕೇಳಿದೆವು. ನಮ್ಮೂರಿಗೆ ತೊಂಬತ್ತು ಮೈಲಿ, ಬಹಳ ದೂರವಾಯಿತೆಂದು ಮೂರು ಸಲವೂ ತಾವು ಮೃದುವಾಗಿ ನಿರಾಕರಿಸಿ, ಕಾಲವಲಯವೇ ಬದಲಾಗಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಂಡು ಹೋಗಬೇಕಾದಷ್ಟು ದೂರದ ಊರಿನ ಕಾಲೇಜನ್ನು ಸೇರಿಸಿಕೊಂಡಿರಿ. ಅಂಥ ಭೂಗೋಳ ಜ್ಞಾನ ನಮ್ಮಲ್ಲಿ ಯಾರಿಗೂ ಇಲ್ಲ.

ಅಕ್ಟೋಬರ್ ಬಂತೆಂದರೆ ಒಕ್ಕೂಟಗಳ ತಂಡಗಳೆಲ್ಲ ತಮ್ಮೊಳಗೇ ಆಡಿಕೊಳ್ಳುತ್ತವೆ; ನಾನು ಫೋನು ಹಿಡಿದು ಎದುರಾಳಿಗಳನ್ನು ಬೇಡುತ್ತ ಕೂರುತ್ತೇನೆ. ತಮ್ಮ ಎಲ್ಮ್ ಬ್ಲಫ್ ಕಾಲೇಜಿಗೆ ನವೆಂಬರ್ ಎಂಟರ ಶನಿವಾರ ಬಿಡುವೆಂದು ತಿಳಿದು ಮಾರ್ಚ್‌ನಲ್ಲೇ ಅವರನ್ನು ಒಪ್ಪಿಸಿದ್ದೆ. ಅದು ನಮ್ಮ ಕೊನೆಯ ವರ್ಷದ ಹುಡುಗರು ತಂದೆತಾಯಿಯ ತೋಳು ಹಿಡಿದು ಮೈದಾನಕ್ಕಿಳಿಯುವ ದಿನ, ಅವರ ಕಡೆಯ ಆಟ. ಅದೇ ವಾರದ ಮಂಗಳವಾರ ತಾವು ಪಟ್ಟಿ ತಿದ್ದಿ, ಅವರಿಗೆ ತಮ್ಮೊಳಗಿನ ಬೇರೊಂದು ಪಂದ್ಯ ಹಚ್ಚಿ, ಆ ಬಿಡುವನ್ನೇ ಎತ್ತಿಬಿಟ್ಟಿರಿ. ಅದನ್ನು “ಸಣ್ಣ ಹೊಂದಾಣಿಕೆ” ಎಂದು ಬರೆದ ತಮ್ಮ ಕೈಗೆ ಚಿನ್ನದ ಕಡಗ ತೊಡಿಸಬೇಕು.

ನಮ್ಮ ಅಮೆರಿಕದ ಫುಟ್‌ಬಾಲಿನಲ್ಲಿ ಆಟ ಶುರುವಾಗುವ ಪ್ರತಿ ಸಲ ಬಾಗಿ, ಚೆಂಡನ್ನು ಕೈಯಿಂದ ಕಾಲ ನಡುವೆ ಹಿಂದಕ್ಕೆ ದಾಟಿಸಿ, ಮರುಕ್ಷಣವೇ ಎದುರಿನವರಿಂದ ಗುದ್ದಿಸಿಕೊಳ್ಳುವವನು ನಮ್ಮ ಲೀಲಂಡ್ ಕೊಪೆಕಿ. ಅವನ ತಂದೆ ಮಿಲೊ ದನ ಸಾಗಿಸುವ ಲಾರಿ ಓಡಿಸುವವರು. ನಾಲ್ಕು ವರ್ಷಗಳಲ್ಲಿ ಮಗನ ಒಂದು ಆಟವನ್ನೂ ಕಂಡವರಲ್ಲ. ಆ ಶನಿವಾರಕ್ಕೆಂದು ರಜೆ ಹಾಕಿದ್ದರು. ಸುದ್ದಿ ಹೇಳಿದರೆ, “ಹಂಗಾದ್ರೆ ನಮ್ಮೋನು ಯಾರ್ ಜೊತೆ ಆಡ್ತಾನೆ, ಗೋಲ್ ಕಂಬದ್ ಜೊತೆನಾ? ಇರ್ಲಿ ಬಿಡಿ ಡೊಲೋರೆಸ್, ನಾನಂತೂ ಬರ್ತೀನಿ” ಎಂದರು.

ಆದ್ದರಿಂದ ಸವಿನಯ ಪ್ರಾರ್ಥನೆ: ನಾವೊಬ್ಬರೇ ಸದಸ್ಯರಾಗಿರುವ ಒಕ್ಕೂಟವೊಂದನ್ನು ಕಟ್ಟಿಕೊಡಿ. ಮೊದಲ ಸ್ಥಾನವೂ ಕೊನೆಯ ಸ್ಥಾನವೂ ನಮ್ಮದೇ ಆಗುವುದರಿಂದ ಜಗಳಕ್ಕೆ ಆಸ್ಪದವಿಲ್ಲ. ಅದಾಗದಿದ್ದರೆ ನಮ್ಮ ಕಾಲೇಜನ್ನು ಕಟ್ಟಡ, ಮೈದಾನ ಸಮೇತ ಎಳೆದೊಯ್ದು ತಮ್ಮ ಕಚೇರಿಯ ಹಿತ್ತಲಲ್ಲಿ ಇಟ್ಟುಕೊಳ್ಳಿ. ಆಗ ದೂರದ ಮಾತೇ ಬರುವುದಿಲ್ಲ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಡೊಲೋರೆಸ್ ಹ್ರುಸ್ಕಾ

ಮರೆತಿದ್ದೆ: ಶನಿವಾರ ಮಧ್ಯಾಹ್ನ ಒಂದಕ್ಕೆ ಸರಿಯಾಗಿ ನಮ್ಮ ಕೊನೆಯ ವರ್ಷದ ಒಂಬತ್ತು ಹುಡುಗರು ಹೆತ್ತವರೊಂದಿಗೆ ಮೈದಾನಕ್ಕಿಳಿದರು. ಮಿಲೊ ಮಗನ ತೋಳು ಬಿಡಲೇ ಇಲ್ಲ. ತಮ್ಮವರು ಬರಲಿಲ್ಲ. ಬಾರದ ತಂಡ ಒಂದು–ಸೊನ್ನೆಯಿಂದ ಸೋತಂತೆ ಎನ್ನುತ್ತದೆ ನಿಯಮ ಪುಸ್ತಕ; ಈ ವರ್ಷದ ನಮ್ಮ ಏಕೈಕ ಗೆಲುವನ್ನು ಹಾಗೆಯೇ ಬರೆದುಕೊಂಡಿದ್ದೇವೆ. ತಕರಾರಿದ್ದರೆ ಮುಂದಿನ ಶನಿವಾರ ತಂಡ ಕಟ್ಟಿಕೊಂಡು ಬನ್ನಿ. ಮಿಲೊ ಆ ದಿನಕ್ಕೂ ರಜೆ ಹಾಕಿದ್ದಾರೆ.