ಕೂತು ನೋಡಿ ತಂದ ಬೌನ್ಸರ್

ಕೂತು ತಿನ್ನುವವನು ಎಂದರೆ ಬೈಗುಳ. ಆದರೆ ನಮ್ಮ ನಾಯಕ ನಿಜಕ್ಕೂ ಕೂತೇ ತಿನ್ನುತ್ತಿದ್ದ, ಅದೂ ಮರ್ಯಾದೆಯಿಂದ. ಮುಂದೆ ಹೇಳುವುದೆಲ್ಲ ನಡೆದದ್ದೇ. ನಂಬದವರು ಆ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಬಹುದು, ಅರ್ಧ ಬೀದಿ ಕಣ್ಣಾರೆ ಕಂಡಿದೆ. ಉಳಿದರ್ಧ, ಕಾಣದಿದ್ದರೂ ಕಂಡವರಿಗಿಂತ ಚೆನ್ನಾಗಿ ಹೇಳುತ್ತದೆ.

ಅವನು ಕುರ್ಚಿ ಕಾರ್ಖಾನೆಯಲ್ಲಿ ಪರೀಕ್ಷಕ. ತಯಾರಾದ ಹತ್ತು ಕುರ್ಚಿಗೊಂದನ್ನು ಎಳೆದುಕೊಂಡು, ಮೊದಲು ಮೆಲ್ಲಗೆ, ಆಮೇಲೆ ಧಡಕ್ಕನೆ, ಕೊನೆಗೆ ಎಡಕ್ಕೂ ಬಲಕ್ಕೂ ವಾಲಿ ಕೂತು, ಎಲ್ಲೂ 'ಕಿರ್' ಅನ್ನದಿದ್ದರೆ ಹಸಿರು ಚೀಟಿ ಅಂಟಿಸುವುದು ಅವನ ಕೆಲಸ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೂರದೆ ಚೀಟಿ ಅಂಟಿಸಿದವನಲ್ಲ. ಜೊತೆಯವರು ಅವನನ್ನು ಆಸನಪ್ಪ ಎನ್ನುತ್ತಿದ್ದರು. ಅಮ್ಮ ಅಪ್ಪ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಹೊರಗೆ ಗಟ್ಟಿಯಾಗಿ ಕೂತಿದ್ದ ಈ ಮರ್ಯಾದೆ ಮನೆಯೊಳಗೆ ಮಾತ್ರ ನಿಲ್ಲುತ್ತಿರಲಿಲ್ಲ. ಕಾರಣ, ಮೂರೂವರೆ ತಿಂಗಳ ಮಗಳು. ಅಮ್ಮ ಎತ್ತಿಕೊಂಡರೆ ಸುಮ್ಮನಿರುತ್ತಿದ್ದಳು, ಅಜ್ಜಿ ಎತ್ತಿಕೊಂಡರೂ ಸುಮ್ಮನಿರುತ್ತಿದ್ದಳು. ಮೇಲಿನ ಮನೆಯ ಕಾಂಪೌಂಡರ್ ಔಷಧಿ ವಾಸನೆಯ ಕೈಗಳಲ್ಲಿ ಎತ್ತಿಕೊಂಡರೂ ಸುಮ್ಮನೆ ಅವನ ಮೂಗು ನೋಡುತ್ತಿದ್ದಳು. ಅಪ್ಪ ಮುಟ್ಟಿದರೆ ಮಾತ್ರ ಕಾರ್ಖಾನೆಯ ಸೈರನ್. ಆಸನಪ್ಪ ಅಂಗಿ ಬದಲಾಯಿಸಿ ನೋಡಿದ, ಸೋಪು ಬದಲಾಯಿಸಿ ನೋಡಿದ, ಕೊನೆಗೆ ಮೀಸೆಯನ್ನೇ ತೆಗೆದು ನೋಡಿದ. ಮೀಸೆ ಹೋಯಿತು, ಅಳು ಉಳಿಯಿತು. ಯಾರಾದರೂ ಬಂದಾಗ "ಮಗು ಅಪ್ಪನ ಹತ್ರ ಇರುತ್ತಾ?" ಎಂದು ಕೇಳಿದರೆ ಅವನು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿಬಿಡುತ್ತಿದ್ದ.

ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಅವಳ ರಜೆ ಮುಗಿದು ಸೋಮವಾರದಿಂದ ಬೆಳಗಿನ ಅರ್ಧ ದಿನದ ಕೆಲಸಕ್ಕೆ ಹಾಜರಾಗಬೇಕಿತ್ತು. ಭಾನುವಾರ ಅತ್ತೆ ತಮ್ಮ ಊರಿಗೆ ಹೊರಡುವವರು. ಅದಕ್ಕೇ ಆಸನಪ್ಪ ಸೋಮವಾರದಿಂದ ಮಧ್ಯಾಹ್ನದ ಪಾಳಿ ಕೇಳಿ ಪಡೆದಿದ್ದ. ಬೆಳಗಿನ ಹೊತ್ತೆಲ್ಲ ಮನೆಯಲ್ಲಿ ಅವನು ಮತ್ತು ಸೈರನ್, ಇಬ್ಬರೇ.

"ನಿಮ್ಮ ಹತ್ರ ಅವಳು ಇರಲ್ಲ ಅಂದ್ರೆ ನಾನು ಕೆಲಸ ಬಿಟ್ಬಿಡ್ತೀನಿ ರೀ," ಎಂದಳು ಹೆಂಡತಿ ಶನಿವಾರ ಬೆಳಗ್ಗೆ. ಕೋಪದಿಂದ ಅಂದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಮಡಚಿಟ್ಟ ಕೆಲಸದ ಬಟ್ಟೆಯನ್ನು ಸವರುತ್ತ, ಮೆಲ್ಲಗೆ ಅಂದಳು.

"ಬಿಡೋದೇನೂ ಬೇಡ ಕಣೇ. ಬೌನ್ಸರ್ ತರ್ತೀನಿ, ಮಕ್ಕಳ ಕುಣಿಯೋ ಕುರ್ಚಿ. ಅದರಲ್ಲಿ ಮಲಗಿಸಿದ್ರೆ ತಾನೇ ಕಾಲು ಬಡಿದು ತಾನೇ ಆಡ್ಕೊಂಡಿರುತ್ತಂತೆ."

"ಅಳಿಯಂದ್ರೇ," ಎಂದರು ಅತ್ತೆ, "ನಿಮ್ಮನ್ನ ನಿಮ್ಮಮ್ಮ ಸ್ಪ್ರಿಂಗ್ ಹಾಕಿ ಬೆಳೆಸಿದ್ರಾ?"

"ಇಲ್ಲ ಅತ್ತೆ."

"ಮತ್ತೆ? ಇರೋ ಎರಡು ಕೈ ಸರಿಯಾಗಿ ಹಿಡಿಯೋಕೆ ಕಲೀದೆ, ಅಂಗಡೀಲಿ ಮೂರನೇ ಕೈ ಕೊಳ್ಳೋಕೆ ಹೋಗ್ತಾರಂತೆ!"

ಮೆಟ್ಟಿಲಲ್ಲಿ ಇಳಿಯುತ್ತಿದ್ದ ಕಾಂಪೌಂಡರ್ ತೆರೆದ ಬಾಗಿಲಲ್ಲಿ ತಲೆ ತೂರಿಸಿದ. ಅವನಿಗೆ ತೆರೆದ ಬಾಗಿಲೆಂದರೆ ಆಹ್ವಾನ, ಮುಚ್ಚಿದ ಬಾಗಿಲೆಂದರೆ ಸವಾಲು. "ತನ್ನಿ ಸಾರ್, ತನ್ನಿ. ಆದ್ರೆ ಬೆಲ್ಟು ನೋಡಿ ತನ್ನಿ. ನಮ್ಮ ಕ್ಲಿನಿಕ್ಕಿಗೆ ಬರೋ ಮಕ್ಕಳಲ್ಲಿ ಅರ್ಧಕ್ಕರ್ಧ ಎಲ್ಲಿಂದಾದ್ರೂ ಉರುಳಿ ಬಂದವೇ."

ಊಟದ ಬಿಡುವಿನಲ್ಲಿ ಆಸನಪ್ಪ ಕಾರ್ಖಾನೆಯಿಂದ ಎರಡು ಬೀದಿ ಆಚೆಗಿನ ಮಕ್ಕಳ ಸಾಮಾನಿನ ಅಂಗಡಿಗೆ ಹೊರಟ. ಪಾಲಿಶ್ ವಿಭಾಗದ ಗಿಳಿ ಜೊತೆಗೆ ಬಂದ. ಯಾರ ದನಿಯನ್ನಾದರೂ ಅಚ್ಚೊತ್ತಿದ ಹಾಗೆ ಅನುಕರಿಸುತ್ತಿದ್ದರಿಂದ ಅವನಿಗೆ ಆ ಹೆಸರು. ಒಮ್ಮೆ ಮ್ಯಾನೇಜರ್ ದನಿಯಲ್ಲಿ ಮೈಕಿನಲ್ಲಿ ಮಾತಾಡಿ ಇಡೀ ಕಾರ್ಖಾನೆಗೆ ಅರ್ಧ ದಿನ ರಜೆ ಕೊಟ್ಟವನು.

"ಬೌನ್ಸರ್ ಬಂದ್ರೆ ತಲೆ ಬಗ್ಗಿಸಿ ಬಿಟ್ಬಿಡಬೇಕು ಗುರೂ, ಆಡೋಕೆ ಹೋಗಬಾರದು," ಎಂದ ಗಿಳಿ ದಾರಿಯಲ್ಲಿ.

ಅಂಗಡಿಯ ಹೆಂಗಸು ಮೂರು ನಮೂನೆ ತೋರಿಸಿದಳು. ಒಂದು ಬ್ಯಾಟರಿಯಿಂದ ಗಡಗಡ ನಡುಗುತ್ತಿತ್ತು, ಚಳಿಜ್ವರ ಬಂದವರ ಹಾಗೆ. ಇನ್ನೊಂದು ತೂಗುತ್ತಲೂ ಇರಲಿಲ್ಲ, ಮಲಗಿಸುತ್ತಲೂ ಇರಲಿಲ್ಲ, ಸರ್ಕಾರಿ ಕಚೇರಿಯ ಬೆಂಚಿನ ಹಾಗೆ ಸುಮ್ಮನೆ ಇತ್ತು. ಮೂರನೆಯದೇ ಸೊಗಸು. ಬಗ್ಗಿಸಿದ ಉಕ್ಕಿನ ಕೊಳವೆ, ಅದಕ್ಕೆ ಬಿಗಿದ ಹಳದಿ ಬಟ್ಟೆ, ಮೇಲೊಂದು ಕಮಾನು, ಕಮಾನಿಗೆ ತೂಗುವ ಆನೆ, ಬಾತುಕೋಳಿ, ಮೀನು. ಕೊಂಚ ಅಲುಗಿದರೂ ಸಂಗೀತ ಬರುತ್ತಿತ್ತು.

"ಈ ನಮೂನೇದು ಇದೊಂದೇ ಉಳಿದಿರೋದು ಸಾರ್," ಎಂದಳು ಆಕೆ. "ಬೆಲ್ಟು ಭದ್ರ. ಬಿಚ್ಚೋ ಗುಂಡಿ ಸೀಟಿನ ಅಡಿಯಲ್ಲಿದೆ, ಮಗೂಗೆ ಸಿಗಲ್ಲ."

ಆಸನಪ್ಪ ಚೀಟಿ ಓದಿದ. 'ಒಂಬತ್ತು ಕಿಲೋ ತೂಕದವರೆಗೆ ಮಾತ್ರ.' ಬೇರೆ ಯಾವ ಅಪ್ಪನಾದರೂ ಇಷ್ಟಕ್ಕೆ ತೃಪ್ತಿಪಟ್ಟು ಪ್ಯಾಕ್ ಮಾಡಿಸುತ್ತಿದ್ದ. ಆಸನಪ್ಪನ ಕಾರ್ಖಾನೆಯಲ್ಲಿ ಮಾತ್ರ ಒಂದು ಪದ್ಧತಿಯಿತ್ತು. ಚೀಟಿಯಲ್ಲಿ ಬರೆದದ್ದರ ಎಂಟು ಪಟ್ಟು ಭಾರ ತಡೆದರೇ ಮಾಲು ಪಾಸು. ಒಂಬತ್ತೆಂಟ್ಲ ಎಪ್ಪತ್ತೆರಡು. ಆಸನಪ್ಪನ ತೂಕ, ಚಪ್ಪಲಿ ಬಿಟ್ಟು, ಎಪ್ಪತ್ತೆರಡು.

ಅವನು ಚಪ್ಪಲಿ ಬಿಟ್ಟ.

"ಸಾರ್, ಸಾರ್, ಅದು ಮಕ್ಕಳದು..." ಎನ್ನುವಷ್ಟರಲ್ಲಿ ಮೆಲ್ಲಗೆ ಕೂತ. ತಡೆಯಿತು. ಧಡಕ್ಕನೆ ಕೂತ. ತಡೆಯಿತು! ಎಡಕ್ಕೆ ವಾಲಿದ, ಬಲಕ್ಕೆ ವಾಲಿದ. ಸಂಗೀತ ಬಂತು, 'ಕಿರ್' ಬರಲಿಲ್ಲ. ಆಸನಪ್ಪನ ಮುಖ ಅರಳಿತು.

"ಬೆಲ್ಟು ಹಾಕದೆ ಎಂಥ ಪರೀಕ್ಷೆ ಗುರೂ?" ಎಂದ ಗಿಳಿ. ಬೆಲ್ಟು ಸೊಂಟಕ್ಕೆ ಎಟುಕಲಿಲ್ಲ. ಗಿಳಿಯೇ ಅದನ್ನು ಪೂರ್ತಿ ಸಡಿಲಿಸಿ, ಬಲತೊಡೆಯ ಮೇಲಿಂದ ತಂದು, 'ಟಿಕ್' ಅನ್ನಿಸಿದ. ಆಮೇಲೆ ಮ್ಯಾನೇಜರ್ ದನಿಯಲ್ಲಿ, "ಪರೀಕ್ಷಕರೇ, ಈಗ ಎದ್ದು ತೋರಿಸಿ!"

ಆಸನಪ್ಪ ಎದ್ದ. ಬೌನ್ಸರೂ ಎದ್ದಿತು.

ಭಾರಕ್ಕೆ ಕೊಳವೆ ಒಳಕ್ಕೆ ಬಾಗಿ ಸೊಂಟವನ್ನು ಇಕ್ಕಳದಂತೆ ಕಚ್ಚಿತ್ತು. ಬಿಚ್ಚುವ ಗುಂಡಿ ಕೊಳವೆಗೂ ಬಟ್ಟೆಗೂ ನಡುವೆ ಸಿಕ್ಕಿಬಿದ್ದಿತ್ತು. ಗಿಳಿ ಒತ್ತಿದ, ಅಂಗಡಿಯ ಹೆಂಗಸು ಒತ್ತಿದಳು, ಮಗುವಿನ ಜೋಲಿ ಕೊಳ್ಳಲು ಬಂದಿದ್ದ ತುಂಬು ಗರ್ಭಿಣಿಯೊಬ್ಬಳೂ ಒಂದು ಕೈ ನೋಡಿದಳು. ಆಸನಪ್ಪ ಮಾತ್ರ ಚಾವಣಿ ನೋಡುತ್ತ ನಿಂತಿದ್ದ, ಕೆಳಗೆ ನಡೆಯುತ್ತಿರುವುದು ಇನ್ಯಾರದೋ ಸೊಂಟದ ವಿಷಯ ಎಂಬಂತೆ.

"ಕತ್ತರಿ ಹಾಕ್ಲಾ?" ಎಂದಳು ಆಕೆ.

"ಬೇಡಮ್ಮಾ! ಇರೋದೇ ಒಂದು. ಸೋಮವಾರಕ್ಕೆ ಬೇಕು."

"ಕಾರ್ಖಾನೇಲಿ ಸ್ಪ್ಯಾನರ್ ಇದೆ, ಬೋಲ್ಟ್ ಬಿಚ್ಚಿದ್ರೆ ಆಯ್ತು," ಎಂದ ಗಿಳಿ. ಈಗ ಅವನ ದನಿ ಅವನದೇ ಆಗಿತ್ತು. ಆಸನಪ್ಪನ ಜೇಬಿಗೆ ಅವನೇ ಕೈಹಾಕಿ ದುಡ್ಡು ಕೊಟ್ಟ, ಇಬ್ಬರೂ ಬೀದಿಗಿಳಿದರು.

ನಿಲ್ಲಲೂ ಆಗದ, ಕೂರಲೂ ಆಗದ ಭಂಗಿಯಲ್ಲಿ ಆಸನಪ್ಪ ನಡೆದ. ಒಂದು ಹೆಜ್ಜೆಗೆ ಒಂದು ಕುಪ್ಪಳಿಕೆ, ಒಂದು ಕುಪ್ಪಳಿಕೆಗೆ ಒಂದು ಸಾಲು ಸಂಗೀತ. ಮೂಗಿನ ಮುಂದೆ ಆನೆ, ಬಾತುಕೋಳಿ, ಮೀನು. ಬಸ್ ನಿಲ್ದಾಣದ ಸಾಲು ಇಡಿಯಾಗಿ ಕತ್ತು ತಿರುಗಿಸಿತು. ನಿಂತಿದ್ದ ಬಸ್ಸಿನ ಕಂಡಕ್ಟರ್ ಬಾಗಿಲಿಂದಲೇ ಕೂಗಿದ: "ಬನ್ನಿ ಸಾರ್, ಸೀಟಿಲ್ಲ, ಆದ್ರೆ ನೀವು ತಂದಿದೀರಲ್ಲ!"

ಆಸನಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಿಟ್ಟಿದ್ದರೂ ಕಮಾನು ಅಡ್ಡ ಸಿಕ್ಕಿಕೊಳ್ಳುತ್ತಿತ್ತು.

ಕಾರ್ಖಾನೆಯ ಗೇಟಿನಲ್ಲಿ ಕಾವಲಿನವನು ಕೈ ಅಡ್ಡ ಹಿಡಿದ. "ಇದು ನಮ್ಮ ಮಾಲಲ್ಲ ಸಾರ್. ಬೇರೆ ಕಂಪನಿ ಮಾಲು ಒಳಗೆ ಹೋಗಬೇಕಂದ್ರೆ ಪಾಸ್ ಬೇಕು."

"ನಾನು ಹೋಗಬಹುದು ತಾನೇ?"

"ನೀವು ಧಾರಾಳವಾಗಿ ಹೋಗಿ ಸಾರ್. ಸಾಮಾನು ಇಲ್ಲೇ ಇರಲಿ."

"ಸಾಮಾನು ನನಗೆ ಅಂಟಿಕೊಂಡಿದೆಯಪ್ಪಾ!"

"ಹಾಗಾದ್ರೆ ನೀವೂ ಇಲ್ಲೇ ಇರಿ."

"ನಾನು ಒಳಗೆ ಹೋಗಿ ಸ್ಪ್ಯಾನರ್ ತರ್ತೀನಿ," ಎಂದ ಗಿಳಿ.

"ಸ್ಪ್ಯಾನರ್ ಹೊರಗೆ ಬರೋಕೂ ಪಾಸ್ ಬೇಕು."

ಕೊನೆಗೆ ಕಾವಲಿನವನಿಗೇ ಕರುಣೆ ಬಂದು ಮ್ಯಾನೇಜರ್‌ಗೆ ಫೋನ್ ಮಾಡಿದ. "ಸಾರ್, ಗೇಟಿಂದ. ನಮ್ಮ ಪರೀಕ್ಷಕರು ತೊಟ್ಟಿಲಿನಂಥದ್ದರಲ್ಲಿ ಸಿಕ್ಕಿಬಿದ್ದು ನಿಂತಿದಾರೆ, ಮ್ಯೂಸಿಕ್ ಬೇರೆ ಬರ್ತಾ ಇದೆ..." ಅತ್ತಲಿಂದ ಬಂದ ಗರ್ಜನೆ ಮೂವರಿಗೂ ಕೇಳಿಸಿತು: "ಲೋ ಗಿಳಿ! ಇವತ್ತು ವಾಚ್‌ಮನ್ ದನಿಯೇನೋ? ನನಗೆ ಬೇರೆ ಕೆಲಸ ಇಲ್ಲ ಅಂದ್ಕೊಂಡಿದೀಯಾ?" ಫೋನ್ ಕುಕ್ಕಿದ ಸದ್ದು.

ಗಿಳಿ ತಾನೇ ಮಾತಾಡುತ್ತೇನೆಂದು ಒಳಗೆ ಓಡಿದ. ಅಷ್ಟರಲ್ಲಿ ಸೈರನ್ ಕೂಗಿತು, ಗೇಟು ಮುಚ್ಚಿತು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಆಸನಪ್ಪ ಗೈರುಹಾಜರಾದ, ಅದೂ ಗೇಟಿನ ಎದುರಿಗೇ ನಿಂತು.

ಉಳಿದ ದಾರಿ ಒಂದೇ, ಮನೆ. ಈ ಹೊತ್ತಿನಲ್ಲಿ ಹೆಂಡತಿ, ಅತ್ತೆ, ಮಗು ಮೂವರೂ ಮಲಗಿರುತ್ತಾರೆ. ಮೆಲ್ಲಗೆ ನುಗ್ಗಿ, ಅಡುಗೆಮನೆಯ ಖಾನೆಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಬಚ್ಚಲುಮನೆ ಸೇರಿದರೆ ಮುಗಿಯಿತು. ಸಂಜೆ ಬೌನ್ಸರನ್ನು ಈಗತಾನೇ ತಂದವನ ಹಾಗೆ ಎತ್ತಿ ತೋರಿಸಬಹುದು. ಮೆಟ್ಟಿಲಿನವರೆಗೆ ಯೋಜನೆ ಚೆನ್ನಾಗಿತ್ತು.

ಮೆಟ್ಟಿಲಲ್ಲಿ ಕಾಂಪೌಂಡರ್ ಇದ್ದ. "ಓಹೋ, ಬೌನ್ಸರ್ ಬಂತಾ? ಹಾಕ್ಕೊಂಡೇ ಬಂದ್ರಾ ಸಾರ್!"

"ಶ್ಶ್! ಮೆಲ್ಲಗೆ ಮಾತಾಡಿ, ಮಲಗಿದಾರೆ."

"ಎಲ್ಲಿ ಮಲಗೋದು? ಒಂದು ಗಂಟೆಯಿಂದ ಮಗು ಒಂದೇ ಸಮ ಅಳ್ತಾ ಇದೆ. ಅಜ್ಜಿ ಕೈಯಲ್ಲೂ ನಿಲ್ತಿಲ್ಲ, ನನ್ನ ಕೈಯಲ್ಲೂ ನಿಲ್ಲಲಿಲ್ಲ." ಹೀಗೆಂದವನೇ ಆಸನಪ್ಪನನ್ನು ಹಿಂದಿನಿಂದ ನೂಕಿಕೊಂಡು ಬಾಗಿಲು ತಳ್ಳಿಬಿಟ್ಟ.

ಒಳಗೆ ಅತ್ತೆಯ ಹೆಗಲ ಮೇಲೆ ಮಗಳು ಕೆಂಪು ಮೆಣಸಿನಕಾಯಿಯ ಹಾಗೆ ಆಗಿದ್ದಳು. ಹೆಂಡತಿ ಕೆದರಿದ ಕೂದಲಲ್ಲಿ ಗೋಡೆಗೊರಗಿ ನಿಂತಿದ್ದಳು. ಅವಳ ಮುಖ ನೋಡಿದರೆ ಸೋಮವಾರದ ವಿಷಯ ತೀರ್ಮಾನವಾಗಿಹೋದಂತಿತ್ತು. ಆಸನಪ್ಪ ಹೊಸ್ತಿಲಲ್ಲಿ ಸಂಗೀತದೊಂದಿಗೆ ನಿಂತ. ಹನ್ನೊಂದು ವರ್ಷದ ಹಸಿರು ಚೀಟಿಗಳೆಲ್ಲ ಒಂದೊಂದಾಗಿ ಉದುರಿದಂತಾಯಿತು ಅವನಿಗೆ.

"ಕೂತು ನೋಡಿದೆ," ಎಂದ ತಲೆ ತಗ್ಗಿಸಿ. "ಗಟ್ಟಿಯಾಗಿದೆ."

ಆಗ ಅಳು ನಿಂತಿತು.

ಮಗಳು ಅಪ್ಪನನ್ನು ನೋಡಿದಳು. ಆನೆಯನ್ನು ನೋಡಿದಳು. ಮತ್ತೆ ಅಪ್ಪನನ್ನು ನೋಡಿದಳು. ನಾಚಿಕೆಗೆ ಅವನ ಕಾಲು ನಡುಗುತ್ತಿತ್ತು, ನಡುಕಕ್ಕೆ ಬೌನ್ಸರ್ ಕುಣಿಯುತ್ತಿತ್ತು. ಮಗಳ ಬಾಯಿ ಅಗಲವಾಯಿತು. ಗಂಟಲಿನಿಂದ ಗುಳುಗುಳು ಎಂದು ಏನೋ ಉಕ್ಕಿ ಬಂತು.

"ರೀ, ನಕ್ಕಳು!" ಹೆಂಡತಿ ಎರಡೂ ಕೈ ಕೆನ್ನೆಗಿಟ್ಟುಕೊಂಡಳು. "ಅಮ್ಮಾ, ದನಿ ತೆಗೆದು ನಕ್ಕಳು! ಇದೇ ಮೊದಲು!"

ಅತ್ತೆ ಮಗುವನ್ನು ತಾಯಿಯ ಕೈಗಿತ್ತು ಅಳಿಯನ ಹಿಂದೆ ಬಂದರು. ಬಿಗಿಯಾದ ಡಬ್ಬದ ಮುಚ್ಚಳ ತೆಗೆಯುವ ಹಾಗೆ ಹೆಬ್ಬೆರಳು ತೂರಿಸಿ, ಒಂದೇ ಒತ್ತು. 'ಟಿಕ್.' ಮೂವರು ಸೇರಿ ಒತ್ತಿದರೂ ಆಗದ್ದು ಮುಗಿದುಹೋಯಿತು. ಸೊಂಟದಿಂದ ಕೊಳವೆ ಬಿಡಿಸಿಕೊಂಡು ಆಸನಪ್ಪ ನೆಟ್ಟಗೆ ನಿಂತ. ಮುಖದಲ್ಲಿ ಹೊಸ ಧೈರ್ಯ. ತೋಳು ಚಾಚಿ ಮಗಳನ್ನು ಎತ್ತಿಕೊಂಡ.

ಸೈರನ್.

ಬೌನ್ಸರಿನಲ್ಲಿ ಮಲಗಿಸಿದರು. ಇನ್ನೂ ಜೋರು ಸೈರನ್. ಹೆಂಡತಿ ಎತ್ತಿಕೊಂಡಳು, ಕಾಂಪೌಂಡರ್ ಬಾತುಕೋಳಿ ಅಲ್ಲಾಡಿಸಿದ. ಊಹ್ಞೂಂ. ಅತ್ತೆ ಒಮ್ಮೆ ಬೌನ್ಸರನ್ನೂ ಒಮ್ಮೆ ಅಳಿಯನನ್ನೂ ನೋಡಿದರು. ಆಮೇಲೆ, ಮದುವೆಯಾದಾಗಿನಿಂದ ಅವನೊಡನೆ ಎಂದೂ ಆಡಿರದ ಮೃದು ದನಿಯಲ್ಲಿ, "ಅಳಿಯಂದ್ರೇ, ಇನ್ನೊಂದ್ ಸಲ ಕೂತ್ಕೊಳ್ಳಿ ನೋಡೋಣ," ಎಂದರು.

ಕೂತ. ಮಗಳು ಗುಳುಗುಳು ನಕ್ಕಳು. ತನ್ನ ಗತಿ ನೆನೆದು ಅವನ ಮುಖ ಬಾಡಿತು. ಮಗಳ ಕೆಳತುಟಿ ಕಂಪಿಸಿತು.

"ಮುಖ ಸಪ್ಪಗೆ ಮಾಡ್ಬೇಡಿ ರೀ! ನಗಿ, ನಗಿ!"

"ಹಹ್ಹಾ," ಎಂದ ಆಸನಪ್ಪ.

"ಇನ್ನೂ ಜೋರಾಗಿ ಸಾರ್," ಎಂದ ಕಾಂಪೌಂಡರ್.

"ಹಹ್ಹಹ್ಹಾ!"

ಮಗಳು ಕೇಕೆ ಹಾಕಿದಳು. ಹೆಂಡತಿ ಕಣ್ಣೊರೆಸಿಕೊಂಡು, ಅವಳನ್ನು ಅಪ್ಪನೆದುರು ಚಾಪೆಯ ಮೇಲೆ ಮಲಗಿಸಿ, ಒಳಗೆ ಹೋಗಿ ಸೋಮವಾರದ ಬಟ್ಟೆಗೆ ಇಸ್ತ್ರಿ ಹಾಕತೊಡಗಿದಳು. ಅತ್ತೆ ಪೆಟ್ಟಿಗೆ ತುಂಬಲು ಕೂತರು. "ಬೆಳಗ್ಗೆ ಒಂಬತ್ತರಿಂದ ಒಂದರವರೆಗೆ ತಾನೇ ಅಳಿಯಂದ್ರೇ? ನಾಲ್ಕೇ ಗಂಟೆ!"

ಐದೂವರೆಗೆ ಗಿಳಿ ಓಡೋಡಿ ಬಂದ. ಕೈಯಲ್ಲಿ ಸ್ಪ್ಯಾನರ್, ಸ್ಪ್ಯಾನರಿಗೆ ಪಾಸು, ಮುಖದಲ್ಲಿ ಮಣಭಾರದ ಪಶ್ಚಾತ್ತಾಪ. "ತಪ್ಪಾಯ್ತು ಗುರೂ, ಬೆಲ್ಟು ಹಾಕಿದ್ದು ನಾನೇ. ಬೈದುಬಿಡು. ಎರಡು ಏಟು ಬೇಕಾದ್ರೂ ಹಾಕು!"

ಇನ್ನೂ ಬೌನ್ಸರಿನಲ್ಲೇ ಕೂತಿದ್ದ ಆಸನಪ್ಪನಿಗೆ ಬೈಯಬೇಕೆಂದು ಮಧ್ಯಾಹ್ನದಿಂದ ಕೂಡಿಟ್ಟದ್ದೆಲ್ಲ ಬಾಯಿಗೆ ಬಂತು. ಮಗಳು ಅವನ ಮುಖವನ್ನೇ ನೋಡುತ್ತಿದ್ದಳು.

"ಹಹ್ಹಾ... ಬೇವರ್ಸಿ... ಹೊಹ್ಹೊಹ್ಹೋ... ನಿನ್ನ ಹಲ್ಲು ಉದುರಿಸ್ತೀನಿ... ಹಹ್ಹಹ್ಹಾ... ನನ್ನ ಕಣ್ಣೆದುರಿಗೆ ಬರಬೇಡ... ಹಿಹ್ಹೀ..."

ಗಿಳಿಯ ಕಣ್ಣು ತುಂಬಿ ಬಂತು. "ನೋಡಿ," ಎಂದ, ನಗು ಕೇಳಿ ಬಾಗಿಲಲ್ಲಿ ನೆರೆದಿದ್ದ ಅಕ್ಕಪಕ್ಕದವರ ಕಡೆ ತಿರುಗಿ, "ಇಷ್ಟು ಗೋಳು ಹೊಯ್ದುಕೊಂಡ್ರೂ ಒಂದಿಷ್ಟು ಬೇಜಾರಿಲ್ಲ. ಎಂಥ ದೊಡ್ಡ ಮನುಷ್ಯ!" ಬಾಗಿಲಲ್ಲಿದ್ದವರು ಹೌದೆಂದು ನಕ್ಕರು. ಗಿಳಿ ನಕ್ಕ, ಕಾಂಪೌಂಡರ್ ನಕ್ಕ, ಒಳಗಿನಿಂದ ಅತ್ತೆಯೂ ನಕ್ಕರು. ಎಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ದಳದಳ ನೀರು ಸುರಿಸುತ್ತ, ಆಸನಪ್ಪ ನಗುತ್ತಲೇ ಇದ್ದ.