ಮೇವು ಬಿಟ್ಟ ಕೋಳಿಯೂ ಬಾಯಿ ಬಿಡದ ನಾನೂ

ಸುಳ್ಳು ಹೇಳಿ ಸಿಕ್ಕಿಬಿದ್ದವನಿಗೆ ನಾಚಿಕೆಯಾಗುವುದು ಸಹಜ. ನಿಜ ಹೇಳಿ ನಾಚಿಕೆಪಟ್ಟವನನ್ನು ನೀವು ನೋಡಿರದಿದ್ದರೆ ತುರ್ವಿಹಾಳಕ್ಕೆ ಬಂದು ಎಣ್ಣೆ-ಬೆಲ್ಲದ ಅಂಗಡಿ ಯಾವುದೆಂದು ಕೇಳಿ. ಗಲ್ಲಾಪೆಟ್ಟಿಗೆಯ ಹಿಂದೆ ತಲೆ ತಗ್ಗಿಸಿ ಕೂತವನೇ ನಾನು.

ನಮ್ಮ ನಿಜಾಮ ಸರ್ಕಾರದ ಸಾಹೇಬರು ಊರೂರು ತಿರುಗಿ ನೋಡುವ ದೌರಾಕ್ಕೆ ಬಂದರೆ ಅವರ ಊಟ ಊರಿನವರ ಪಾಲಿಗೆ. ಕೋಳಿ ಕೊಡುವ ಪಾಳಿ ಮನೆಯಿಂದ ಮನೆಗೆ ಸಾಲಾಗಿ ಹೋಗುತ್ತದೆ. ಹೀಗಾಗಿ ಸಾಹೇಬರ ಕುದುರೆ ಸಿಂಧನೂರು ಬಿಟ್ಟಿತೆಂಬ ಸುದ್ದಿ ಬಂದರೆ ಸಾಕು, ಪಾಳಿಯಿದ್ದ ಮನೆಯ ಕೋಳಿಗೆ ಬ್ಯಾನಿ ಬರುತ್ತದೆ. “ಮೇವು ಮುಟ್ಟವಲ್ದ್ರೀ” ಎಂದು ಮನೆಯವರು ಅಳುಮೋರೆ ಹಾಕುತ್ತಾರೆ. ಇಂಥವರನ್ನು ಕಂಡು ಅಂಗಡಿಯಲ್ಲಿ ಕೂತು ಹೊಟ್ಟೆ ಹಿಡಿದು ನಕ್ಕವನು ನಾನು.

ನಮ್ಮ ಪಾಳಿ ಬಂದಾಗ ನಮ್ಮ ಕೆಂಪು ಕೋಳಿ ನಿಜವಾಗಿಯೂ ಮೇವು ಬಿಟ್ಟಿತು. ರೆಕ್ಕೆ ಜೋಲುಬಿಟ್ಟು ಹಿತ್ತಲ ಮೂಲೆಯಲ್ಲಿ ತೂಕಡಿಸತೊಡಗಿತು. ಜೋಳದ ನುಚ್ಚು ಚೆಲ್ಲಿದೆ, ಮಜ್ಜಿಗೆ ಇಟ್ಟೆ, ಕೊನೆಗೆ ಅದರೆದುರು ಕುಕ್ಕರಗಾಲಲ್ಲಿ ಕೂತು ನಾನೇ ನಾಲ್ಕು ಕಾಳು ತಿಂದು ತೋರಿಸಿದೆ. ಅದು ಕಣ್ಣು ಮುಚ್ಚಿಕೊಂಡಿತು. “ನನಗ ಜ್ವರ ಬಂದಾಗ ಒಂದು ತಂಬಿಗಿ ನೀರು ಕೇಳಿದ್ರ ಅಂಗಡಿ ಬಿಟ್ಟು ಏಳಲಿಲ್ಲ ನೀವು” ಎಂದಳು ಹೆಂಡತಿ. ಓಣಿಯವರಂತೂ “ಏನ್ರೀ, ನಿಮ್ಮ ಕೋಳಿಗೂ ಅದೇ ಬ್ಯಾನಿ ಬಂತೇನು?” ಎಂದು ಹಲ್ಲು ಕಿರಿದರು. ಆಣೆ ಮಾಡಿದಷ್ಟೂ ಅವರ ನಗು ಹೆಚ್ಚಾಯಿತು.

ನಂಬಿದವಳು ಪಕ್ಕದ ಮನೆಯ ಬಸಮ್ಮ ಒಬ್ಬಳೇ. ಗಂಡನಿಲ್ಲದ ಹೆಣ್ಣುಮಗಳು, ಇರುವ ಒಂದು ಕೋಳಿಯ ಮೊಟ್ಟೆ ಮಾರಿ ನನ್ನಂಗಡಿಯಲ್ಲಿ ಉಪ್ಪು-ಎಣ್ಣೆ ಒಯ್ಯುವವಳು. ಬಂದು ಕೋಳಿಯ ಕೊರಳಡಿಯ ಮೇವಿನ ಚೀಲ ಮುಟ್ಟಿ ನೋಡಿದಳು. “ತಿಂದದ್ದು ಕಲ್ಲಾಗಿ ಕುಂತೈತ್ರೀ ಅಣ್ಣಾ. ಬಾಯಿ ತೆಗೆದು ಹಿಡೀರಿ” ಎಂದಳು. ನಾನು ಒದ್ದಾಡಿ ಕೊಕ್ಕು ಬಿಡಿಸಿ ಹಿಡಿದೆ. ಅವಳು ಬೆಚ್ಚಗಿನ ಕುಸುಬಿ ಎಣ್ಣೆಯನ್ನು ಹನಿ ಹನಿಯಾಗಿ ಬಿಟ್ಟು ಚೀಲವನ್ನು ಮೆಲ್ಲಗೆ ನೀವಿದಳು.

ಅಷ್ಟರಲ್ಲಿ ಸಾಹೇಬರ ಚಪರಾಸಿ ಬಂದ. ಕೋಳಿಯನ್ನು ಕಾಲು ಹಿಡಿದೆತ್ತಿದರೆ ಒದ್ದೆ ಬಟ್ಟೆಯಂತೆ ಜೋತುಬಿತ್ತು. “ಇದನ್ನ ಉಣಿಸಿದ್ರ ನನ್ನ ನೌಕರಿ ಹೋಗ್ತೈತಿ” ಎಂದು ಕೆಳಗಿಟ್ಟ. ಓಣಿಯೆದುರು ನನ್ನ ಮಾತು ನಿಜವಾಯಿತೆಂದು ಎದೆಯುಬ್ಬಿಸಿ ನಿಂತೆ. ಪಾಳಿ ಮುಂದಿನ ಮನೆಗೆ ಹೋಗುತ್ತದೆ, ಮುಂದಿನ ಮನೆ ಬಸಮ್ಮನದು ಎಂದು ಹೊಳೆಯುವಷ್ಟರಲ್ಲಿ ಅವಳ ಕೋಳಿ ಚಪರಾಸಿಯ ಕಂಕುಳಲ್ಲಿ ಕಿರುಚುತ್ತಿತ್ತು. ಬಸಮ್ಮ ಎಣ್ಣೆಗೈಯಲ್ಲೇ ಓಡಿದಳು. “ನನ್ನ ಕೋಳಿಗೂ ಬ್ಯಾನಿ ಐತ್ರೀ” ಎಂದಳು. ಯಾರೂ ನಂಬಲಿಲ್ಲ. ನಾನು ಬಾಯಿ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ನಮ್ಮ ಕೋಳಿ ಚೆಲ್ಲಿದ ನುಚ್ಚೆಲ್ಲ ಬಳಿದು ತಿಂದು, ನಡುಗೋಡೆ ಏರಿ, ಮೊಟ್ಟೆ ಇಡದೆಯೇ ಇಟ್ಟಷ್ಟು ಗದ್ದಲ ಎಬ್ಬಿಸಿತು. ಓಡಿಹೋಗಿ ಅದರ ಕೊಕ್ಕು ಹಿಡಿದೆ. ತೆರೆಸಲು ಒದ್ದಾಡಿದ ಬಾಯನ್ನೇ ಮುಚ್ಚಿಸುವ ಪಾಡು! ಗೋಡೆಯಾಚೆಯಿಂದ ಬಸಮ್ಮನ ದನಿ ಬಂತು: “ಬಿಡ್ರೀ ಅಣ್ಣಾ. ಎಣ್ಣಿ ಕುಡಿಸಿದಾಕಿ ನಾನು. ಅದು ಅರಾಮಾಗಿದ್ದು ನಾ ಕೇಳಬಾರದೇನು?”

ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಕೋಳಿಯನ್ನು ಗೋಡೆಯ ಮೇಲಿಂದಲೇ ಅವಳ ಕೈಗಿಟ್ಟೆ. ಅದೀಗ ಅವಳ ಹಿತ್ತಲಲ್ಲಿ ಹೊಟ್ಟೆಬಿರಿಯ ಮೇಯುತ್ತಿದೆ. ಊಟಕ್ಕೆ ಕೂತಾಗ ಅದರ ದನಿ ಕೇಳಿದರೆ ತುತ್ತು ಇಳಿಯದವನು ನಾನು. ನಿನ್ನೆ ಮುರಿಯದ ರೊಟ್ಟಿಯನ್ನು ನೋಡಿ ಹೆಂಡತಿ ಅಂದಳು: “ಬಸಮ್ಮನ್ನ ಕರೀಲೇನ್ರೀ? ಬಾಯಿ ನಾ ತೆಗೆದು ಹಿಡೀತೀನಿ.”