ಸೋಮವಾರದ ಸಮಾಚಾರ

ಮೀನಿನ ಕಣ್ಣು ನೋಡಿಯೇ ಅದು ಇವತ್ತಿನದೋ ನಿನ್ನೆಯದೋ ಹೇಳುವ ಅಪೊಂಡಿಗೆ ಗಂಡನ ಕಣ್ಣು ಓದುವುದು ಯಾವ ಮಹಾ! ಕಿಸುಮು ಊರಿನ ಸರೋವರದ ದಂಡೆಯಲ್ಲಿ ಜೊತೆಗೆ ಮೀನು ಮಾರುವ ಹೆಂಗಸರ ಮುಂದೆ ಎದೆ ತಟ್ಟಿ ಹೇಳಿದ್ದಳು: ಇವನಿಗೆ ಇನ್ನೊಬ್ಬಳಿದ್ದಾಳೆ, ಆ ಸವತಿ ಯಾರೇ ಇರಲಿ, ಮೀನಿಗೆ ತೆಗೆದ ಹಾಗೆ ಅವಳ ಹುರುಪೆ ತೆಗೆಯುತ್ತೇನೆ.

ಸವತಿ ಸಿಕ್ಕಿದ್ದು ಫೋನಿನಲ್ಲಿ. ಮನೆಗೆ ಒಂದೇ ಫೋನು, ಅದೂ ಬಲೆ ಹೆಣೆಯುವ ಗಂಡ ಒಗೊಲನ ಜೇಬಿನಲ್ಲಿ. ಅವನು ಕೋಟು ಬಿಚ್ಚಿಟ್ಟು ಸ್ನಾನಕ್ಕೆ ಹೋದಾಗ ತೆಗೆದು ನೋಡಿದಳು. ಪ್ರತಿ ಸೋಮವಾರ ಹೆಸರಿಲ್ಲದ ನಂಬರಿನಿಂದ ಒಂದೇ ಮೆಸೇಜು: ‘ಏನು ಸಮಾಚಾರ?’ ಇವನ ಉತ್ತರವೂ ಒಂದೇ: ‘ಆರಾಮ.’ ಹೀಗೆ ಹನ್ನೆರಡು ಸೋಮವಾರ! ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವನು ಹೆಂಡತಿಯ ಸಮಾಚಾರವನ್ನು ಒಂದು ಸಲವೂ ಕೇಳಿದವನಲ್ಲ.

ಮರುದಿನ ಫೋನು ಕದ್ದು ಆ ನಂಬರಿಗೆ ಮಾಡಿದಳು. ಎತ್ತಿದ್ದು ಹೆಂಗಸೇ.

"ಯಾರಮ್ಮ ನೀನು? ನಾನು ಒಗೊಲನ ಹೆಂಡ್ತಿ."

"ಯಾರು ಅಂತ ನಾನು ಹೇಳೋ ಹಾಗಿಲ್ಲ."

"ನನ್ನ ಗಂಡನ ಹತ್ರ ನಿನಗೇನು ಕೆಲಸ?"

"ಅದೂ ಹೇಳೋ ಹಾಗಿಲ್ಲ. ನಮ್ಮ ಹತ್ರ ಬರ್ತಾರೆ, ಅಷ್ಟೇ."

"ನಮ್ಮ ಹತ್ರ? ಎಷ್ಟು ಜನ ಇದೀರಿ?"

"ಇಲ್ಲಿ ನಾಲ್ಕು ಜನ ಇದೀವಿ," ಎಂದಿತು ಆ ದನಿ, ಪಾಪ, ಪ್ರಾಮಾಣಿಕವಾಗಿ.

ನಾಲ್ಕು ಜನ! ಅಪೊಂಡಿ ಹತ್ತು ನಿಮಿಷ ಬೈದಳು. ಸಿಮ್ಮನ್ನು ಕಿತ್ತು ಸರೋವರಕ್ಕೆ ಎಸೆದಳು. ಒಗೊಲನ ಹಾಸಿಗೆ ಅಂಗಳಕ್ಕೆ ಬಂತು. ಅವನು ಏನೋ ಹೇಳಲು ಬಾಯಿ ತೆರೆದ. ಬುಟ್ಟಿ ಇಳಿಸಿ ಕಿವಿ ಕೊಟ್ಟು ನಿಂತಿದ್ದ ಹೆಂಗಸರನ್ನು ನೋಡಿದ. ಬಾಯಿ ಮುಚ್ಚಿದ. ತಮ್ಮನ ದೋಣಿ ಹತ್ತಿ, ಸರೋವರದ ನಡುವೆ ಅವನಿದ್ದ ದ್ವೀಪಕ್ಕೆ ಹೊರಟುಹೋದ. ತಪ್ಪು ಮಾಡಿದವನಿಗೆ ಮಾತೆಲ್ಲಿಂದ ಬರಬೇಕು ಎಂದು ಅಪೊಂಡಿ ಊರಿಗೆಲ್ಲ ಸಾರಿದಳು. ಎರಡು ತಿಂಗಳು ಯುದ್ಧ ಗೆದ್ದವಳ ಹಾಗೆ ನಡೆದಳು.

ಮೂರನೇ ತಿಂಗಳು ತಮ್ಮ ಅವನನ್ನು ಹೆಗಲ ಮೇಲೆ ಹೊತ್ತು ತಂದ. ಮೈಯಲ್ಲಿ ಮಾಂಸವಿಲ್ಲ. ಕೆಮ್ಮಿದರೆ ರಕ್ತ. ಕ್ಷಯದ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ಎಂದು ಅವನೇ ಹೇಳಿದ. ಬಾಗಿಲಲ್ಲಿದ್ದ ನರ್ಸು, "ಒಗೊಲ, ಎಲ್ಲಿಗೆ ಹೋಗಿಬಿಟ್ರಿ?" ಎಂದಳು.

ಅದೇ ದನಿ. ಅಪೊಂಡಿ ಅವಳನ್ನು ದಾಟಿ ಇಣುಕಿದಳು. ಒಳಗೆ ಇನ್ನೂ ಮೂವರಿದ್ದರು. ಎಲ್ಲರದೂ ಬಿಳಿ ಬಟ್ಟೆ.

ಹೇಳಲೇ ಎಂಬಂತೆ ನರ್ಸು ಒಗೊಲನ ಮುಖ ನೋಡಿದಳು. ಅವನು ತಲೆಯಾಡಿಸಿದ. ಆರು ತಿಂಗಳ ಔಷಧಿಯಂತೆ, ಮೂರು ತಿಂಗಳು ಮುಗಿದಿತ್ತಂತೆ. ಮಾತ್ರೆ ತಪ್ಪದಿರಲಿ, ಕ್ಲಿನಿಕ್ಕಿಗೆ ಬರುವುದು ತಪ್ಪದಿರಲಿ ಎಂದೇ ಆ ಸೋಮವಾರದ ಮೆಸೇಜು. ಫೋನು ಸತ್ತ ಮೇಲೆ ಹುಡುಕಿದ್ದರು, ಸಿಗಲಿಲ್ಲ. ದ್ವೀಪದಲ್ಲಿ ಮಾತ್ರೆ ಮುಗಿದಿದ್ದವು. ಕೆಮ್ಮು ನಿಂತಿದ್ದರಿಂದ ವಾಸಿಯಾಯಿತು ಎಂದುಕೊಂಡಿದ್ದ. ಈಗ ಹಳೆಯ ಔಷಧಿಗೆ ಬಗ್ಗದ ರೋಗವಾಗಿ ತಿರುಗಿ ಬಂದಿತ್ತು.

"ಮೆಸೇಜಲ್ಲಿ ಕ್ಲಿನಿಕ್ಕಿನ ಹೆಸರು ಬರೀಬೇಡಿ, ಯಾರಿಗೂ ಹೇಳಬೇಡಿ ಅಂತ ಇವರೇ ಕೇಳ್ಕೊಂಡಿದ್ರು," ಎಂದಳು ನರ್ಸು. "ಕ್ಷಯದವನ ಮನೆ ಮೀನು ಯಾರು ತಗೋತಾರೆ, ನನ್ನ ಹೆಂಡ್ತಿ ವ್ಯಾಪಾರ ಕೆಡುತ್ತೆ ಅಂದ್ರು."

ಒಗೊಲ ಆಮೇಲೆ ಹದಿನೇಳು ದಿನ ಇದ್ದ. ಅಪೊಂಡಿ ಹೊತ್ತು ತಪ್ಪದೆ ಮಾತ್ರೆ ನುಂಗಿಸಿದಳು, ಗಂಜಿ ಕುಡಿಸಿದಳು. ತಪ್ಪಾಯಿತು ಎನ್ನಲು ಮಾತ್ರ ಬಾಯಿ ಬರಲಿಲ್ಲ. ಬೈದು ಪಳಗಿದ ಬಾಯಿ. ಒಂದು ಮಧ್ಯಾಹ್ನ ಅವನೇ, ಮಗಳ ಹೆಸರು ಹಿಡಿದು ಕರೆದ.

"ಅಡೆರೊಳ ಅಮ್ಮ, ಫೋನಲ್ಲಿ ಅವಳಿಗೆ ಏನಂದೆ?"

"ಏನೇನೋ ಅಂದೆ."

"ಹೇಳು. ನಗಬೇಕು ನಾನು."

"ನನ್ನ ಗಂಡನ್ನ ಬಿಟ್ಟುಬಿಡು ಅಂದೆ."

ಅವನು ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಅವಳ ಕೈ ಹಿಡಿದುಕೊಂಡ.

"ಪಾಪ, ಒಳ್ಳೆಯವಳು. ನೀನಂದ ಹಾಗೇ ಬಿಟ್ಟೇಬಿಟ್ಟಳಲ್ಲ."